ಹುಲ್ಲೆಯ ತಮ್ಮ, ಹುಲ್ಲಿನ ಅಕ್ಕ

ಸಂಜೆಯಾದರೆ ಸಾಕು, ಆ ಬೀದಿಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಎಲ್ಲ ಸೊಳ್ಳೆ ಹೊಡೆಯುವ ಚಪ್ಪಾಳೆ. ಬೈಗುಳವೆಲ್ಲ ಬೀದಿ ಕೊನೆಯ ಜೌಗು ನೆಲಕ್ಕೆ. ಅದಕ್ಕೆ ಮಣ್ಣು ತುಂಬಿಬಿಡೋಣ ಎಂದು ತೀರ್ಮಾನವಾಗಿ, ಒಂದು ಬೆಳಿಗ್ಗೆ ಟ್ರಾಕ್ಟರ್ ಬಂದೇಬಿಟ್ಟಿತು.

ಕರೆಸಿದವನು ತಮ್ಮ, ಕಾಡಿನ ಕಾವಲುಗಾರ. ಅಳಿದುಹೋಗುತ್ತಿದ್ದ ಹುಲ್ಲೆಗಳನ್ನು ಬೇಟೆಗಾರರ ಉರುಳಿನಿಂದ ಹತ್ತು ವರ್ಷ ಕಾಪಾಡಿದವನು. ಎಲ್ಲರ ಬಾಯಲ್ಲೂ ಅವನು ಹುಲ್ಲೆಯಪ್ಪ. ಅಕ್ಕ ಸಸಿ ಬೆಳೆಸುವ ನರ್ಸರಿಯಲ್ಲಿ ಕೆಲಸಕ್ಕಿದ್ದಳು. ಅವಳಿಗೆ ಅಡ್ಡಹೆಸರೂ ಇಲ್ಲ. ಹುಲ್ಲೆಯಪ್ಪನ ಅಕ್ಕ, ಅಷ್ಟೇ.

ಆ ದಿನ ಅಕ್ಕ ಕೆಸರಿಗಿಳಿದು ಟ್ರಾಕ್ಟರಿನ ಎದುರು ನಿಂತಳು.

“ಮಣ್ಣು ಸುರೀಬೇಡ. ನೀನು ಕಾಡಲ್ಲಿದ್ದಾಗ ಫೋನ್ ಮಾಡಿ ಹೇಳಿದ್ದೆ ತಾನೇ, ಉಳಿಸಬೇಕು ಅಂತ?”

“ಹುಲ್ಲೆ ಉಳಿಸಬೇಕು ಅಂದೆ ನೀನು. ಉಳಿಸ್ತಾನೇ ಇದೀನಲ್ಲ ಅಂದೆ ನಾನು!”

“ಹುಲ್ಲೆ ಅಲ್ವೋ ಕಿವುಡ, ಹುಲ್ಲು! ಈ ಜೌಗಿನ ಹುಲ್ಲು!”

ಟ್ರಾಕ್ಟರ್ ಚಾಲಕ ಕಿಸಕ್ಕನೆ ನಕ್ಕ. ತಮ್ಮನ ಮುಖ ಕೆಂಪಾಯಿತು.

“ಅಲ್ಲ ಕಣಕ್ಕ, ನನ್ನ ಹುಲ್ಲೆ ಮುಂದೆ ಇದ್ಯಾವ ದೊಡ್ಡ ವಿಷಯ?”

“ನಿನ್ನ ಹುಲ್ಲೆ ಅಪಾಯ ಕಂಡರೆ ಓಡುತ್ತೆ. ಇದು ಎಲ್ಲಿಗೆ ಓಡಬೇಕು? ಹುಲ್ಲೆ ಕೊಲ್ಲೋನು ಕದ್ದುಮುಚ್ಚಿ ಬರ್ತಾನೆ. ಇದನ್ನ ಕೊಲ್ಲೋಕೆ ನಾವು ಹಾಡಹಗಲೇ ಟ್ರಾಕ್ಟರ್ ತಂದಿದೀವಿ. ಸುತ್ತಮುತ್ತ ಎಲ್ಲ ಹುಡುಕಿದೀನಿ, ಈ ಜಾತಿ ಉಳಿದಿರೋದು ಇಲ್ಲೊಂದೇ ಕಡೆ. ಕುಂಡದಲ್ಲಿ ಮೂರು ಸಲ ನೆಟ್ಟೆ, ಮೂರು ಸಲವೂ ಸತ್ತುಹೋಯ್ತು. ಇದಕ್ಕೆ ಈ ಕೆಸರೇ ಬೇಕು.”

“ಮತ್ತೆ ಸೊಳ್ಳೆ?”

ಅಕ್ಕ ಜೌಗಿನ ನೀರನ್ನು ಚೊಂಬಿನಲ್ಲಿ ಮೊಗೆದು ತೋರಿಸಿದಳು. ಉಗುರಿನಷ್ಟು ಉದ್ದದ ಮೀನುಗಳು. ಆಮೇಲೆ ತಮ್ಮನ ಹಿತ್ತಲಿಗೇ ನಡೆದು, ಹಳೇ ಟೈರಿನೊಳಗಿನ ನೀರು ಮೊಗೆದಳು. ವಿಲವಿಲ ಎನ್ನುವ ಸೊಳ್ಳೆಮರಿಗಳು.

“ಜೌಗಿನಲ್ಲಿ ಇವನ್ನ ಮೀನು ತಿನ್ನುತ್ತೆ, ಕಪ್ಪೆ ತಿನ್ನುತ್ತೆ. ನಿನ್ನ ಟೈರಿನಲ್ಲಿ ಯಾರು ತಿಂತಾರೆ, ನೀನಾ?”

ತಮ್ಮ ಟೈರಿನ ನೀರು ಚೆಲ್ಲಿದ. ಜೌಗಿಗೆ ಮರಳಿ, ಗೊರಸಿನ ಗುರುತು ನೋಡುವವನಂತೆ ಹುಲ್ಲಿನ ಬುಡಕ್ಕೆ ಬಗ್ಗಿದ.

“ಎಷ್ಟು ಬುಡ ಇದೆ ಅಕ್ಕ?”

“ನಲವತ್ತೊಂದು.”

ತಡವರಿಸದೆ ಬಂದ ಉತ್ತರಕ್ಕೆ ಅವನು ತಲೆಯೆತ್ತಿ ನೋಡಿದ. ತನ್ನ ಹುಲ್ಲೆಗಳು ಎಷ್ಟೆಂದು ಯಾರಾದರೂ ಕೇಳಿದರೆ ಅವನೂ ಹೀಗೇ ಹೇಳುತ್ತಿದ್ದ.

“ಏನ್ ಸಾರ್, ಸುರೀಲೋ ಬೇಡ್ವೋ?” ಚಾಲಕ ಕೂಗಿದ.

“ನನ್ನ ಕೇಳಬೇಡ. ಇಲ್ಲಿನ ಕಾವಲು ನಮ್ಮಕ್ಕಂದು. ಅವಳನ್ನ ಕೇಳು.”

ಅವಳ ಒಂದು ಮಾತಿಗಾಗಿ ಇಡೀ ಬೀದಿ ಕಾದದ್ದು ಅದೇ ಮೊದಲು. ಅಕ್ಕ ಎದೆಯುಬ್ಬಿಸಿ ಹೇಳಿದಳು: “ಗಾಡಿ ತಿರುಗಿಸಪ್ಪ.”

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೀದಿಯ ಕೊನೆಯಲ್ಲೂ ಜೌಗು ನೆಲವಿದ್ದರೆ ಮಣ್ಣು ತುಂಬಬೇಡಿ. ಸೊಳ್ಳೆ ಕಾಟಕ್ಕೆ ವಾರಕ್ಕೊಮ್ಮೆ ಬಕೆಟ್ಟು, ಡಬ್ಬ, ಟೈರುಗಳ ನಿಂತ ನೀರು ಚೆಲ್ಲಿ. ಜೌಗಿನಲ್ಲಿ ಬೆಳೆದಿರುವುದು ಏನೆಂದು ಬಲ್ಲವರನ್ನು ಕೇಳಿ. ಆ ಬಲ್ಲವಳು ನಿಮ್ಮ ಮನೆಯಲ್ಲೇ ಇರಬಹುದು.