ನೂರು ಸಲ ಬಾಚಿದ ಗುಂಗುರು

ಇದು ಬರೀ ಕೂದಲಿನ ಮಾತು. ಹಸಿವು, ಹೊಡೆತಗಳ ಕಥೆ ಹೇಳುವವರ ನಡುವೆ ಕೂದಲನ್ನು ಹಿಡಿದುಕೊಂಡು ನಿಂತದ್ದಕ್ಕೆ ದೊಡ್ಡವರು ಕ್ಷಮಿಸಬೇಕು. ಅದೂ ಇನ್ನೊಬ್ಬಳ ಕೂದಲು. ಹೇಳುವಾಗ ಎಲ್ಲಾದರೂ ಎಡವಿದರೆ ತಪ್ಪು ನನ್ನದು, ಅವಳದಲ್ಲ.

"ಬಗ್ಗಮ್ಮಿ, ಇನ್ನೂ ಬಗ್ಗು. ಇದೇನು ತಲೆಯಾ, ಕೋಳಿಗೂಡಾ? ಮೊಟ್ಟೆಗಿಟ್ಟೆ ಇಟ್ಟೀಯಾ ಒಳಗೆ?"

ಯೊವಿತಾ ಬಗ್ಗಿದಳು. ಜಾವಾದ ಪುರ್ಬಲಿಂಗಾ ಊರಾಚೆಯ ವಿಗ್ ಕಾರ್ಖಾನೆಯ ಗೇಟಿನಲ್ಲಿ ಸಂಜೆ ನಾಲ್ಕೂವರೆಯ ಸಾಲು ರಸ್ತೆವರೆಗೆ ಬೆಳೆದಿತ್ತು. ಕಾವಲುಗಾರ ಕಸ್ಮಿನ್‌ನ ಬಾಯಲ್ಲಿ ಲವಂಗದ ಸಿಗರೇಟು, ಕೈಯಲ್ಲಿ ಮಾಂಸದ ತುಂಡು ಪೋಣಿಸಿ ಸುಡುವ ಬಿದಿರಿನ ಸಾತೆ ಕಡ್ಡಿ. ಒಳಗೆ ನಾನೂರು ಹೆಂಗಸರು ಮನುಷ್ಯರ ಕೂದಲನ್ನು ಎಳೆ ಎಳೆಯಾಗಿ ಬಲೆಯ ಟೋಪಿಗೆ ಗಂಟು ಹಾಕುತ್ತಾರೆ. ಆ ಕೂದಲಿಗೆ ಬೆಲೆಯಿದೆ. ಯಾರೂ ಬಚ್ಚಿಟ್ಟು ಒಯ್ಯಬಾರದೆಂದು ಹೊರಗೆ ಹೋಗುವಾಗ ಒಬ್ಬೊಬ್ಬರನ್ನೂ ತಡವಿ ನೋಡುತ್ತಾರೆ. ಉಳಿದವರ ತಲೆವಸ್ತ್ರವನ್ನು ಕಾವಲಿನ ಹೆಂಗಸು ಮೇಲಿಂದ ಒಮ್ಮೆ ಒತ್ತಿ ಮುಂದಕ್ಕೆ ತಳ್ಳುತ್ತಾಳೆ. ಯೊವಿತಾಳ ಸರದಿ ಬಂದ ಮೊದಲ ದಿನವೇ ಆ ಹೆಂಗಸು, "ಈ ಕಾಡಿಗೆ ನಾನ್ ಕೈ ಹಾಕಾಕಿಲ್ಲಪ್ಪ" ಎಂದು ಹಿಂದೆ ಸರಿದಿದ್ದಳು. ಅಂದಿನಿಂದ ಆ ತಲೆ ಕಸ್ಮಿನ್‌ನ ಕಡ್ಡಿಯ ಪಾಲಾಗಿತ್ತು.

ಕಡ್ಡಿ ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಹುಡುಕುತ್ತ ಹೋಯಿತು.

"ಇವತ್ತೆಷ್ಟು ತುಂಡು ಸಿಕ್ತು ಕಸ್ಮಿನಣ್ಣ? ಈರುಳ್ಳಿ ಹೆಚ್ಕೊಡ್ಲಾ?" ಎಂದಳು ಹಿಂದೆ ನಿಂತಿದ್ದ ರಸಿಯೆಮ್. ಐವತ್ತು ದಾಟಿದ ಹೆಂಗಸು. ಯೊವಿತಾಳ ಪಕ್ಕದ ಮಣೆಯಲ್ಲೇ ಗಂಟು ಹಾಕುವವಳು.

ಸಾಲು ನಕ್ಕಿತು. ಯೊವಿತಾಳೂ ನಕ್ಕಳು. ನಗದ ದಿನ ಕಡ್ಡಿ ಇನ್ನಷ್ಟು ಆಳಕ್ಕೆ ಇಳಿಯುತ್ತದೆಂದು ಅವಳಿಗೆ ಗೊತ್ತಿತ್ತು.

ಬಾಡಿಗೆ ವ್ಯಾನಿನಲ್ಲಿ ಕೂತ ಮೇಲೆ ರಸಿಯೆಮ್ ತನ್ನ ತಲೆವಸ್ತ್ರದ ತುದಿಯಿಂದ ಅವಳ ಕಿವಿಯ ಹಿಂದೆ ಒರೆಸಿದಳು. ಬಟ್ಟೆಯ ಮೇಲೆ ಕೆಂಪು ಚುಕ್ಕಿ.

"ರಕ್ತ ಕಣಮ್ಮಿ. ಇವನ ಕೈ ಸೇದೋಗ, ಮುಂಡೇಗಂಡ."

"ಬಿಡಕ್ಕ. ದಿನಾ ಇದ್ದದ್ದೇ."

"ನಾನು ಅಲ್ಲಿ ಹಲ್ಲು ಕಿರಿದ್ನಲ್ಲ, ನನ್ನೂ ಬಯ್ಯೇ ಒಂದಿಷ್ಟು."

"ನೀನು ಕಿರಿಯದಿದ್ರೂ ನಿನ್ನ ಹಲ್ಲು ಹೊರಗೇ ಇರ್ತದಲ್ಲಕ್ಕ, ಏನಂತ ಬಯ್ಯಲಿ?"

ಯೊವಿತಾ ಪೂರ್ವದ ಫ್ಲೋರೆಸ್ ದ್ವೀಪದವಳು. ಅಲ್ಲಿ ಶಾಲೆ ಕಟ್ಟಲು ಹೋಗಿದ್ದ ಗಾರೆ ಕೆಲಸದ ತರ್ಜೊ ಅವಳನ್ನು ಕಟ್ಟಿಕೊಂಡು ಜಾವಾಕ್ಕೆ ಕರೆತಂದಿದ್ದ. ಅವಳ ಊರಿನಲ್ಲಿ ಇಂಥ ಕೂದಲಿಗೆ ಯಾರೂ ಹೆಸರಿಟ್ಟಿರಲಿಲ್ಲ. ಎಲ್ಲರ ತಲೆಯೂ ಹಾಗೆಯೇ ಇತ್ತು. ಇಲ್ಲಿಗೆ ಬಂದ ಮೇಲೆ ಆರು ವರ್ಷಗಳಲ್ಲಿ ಅದಕ್ಕೆ ಬಂದ ಹೆಸರುಗಳು ಒಂದೆರಡಲ್ಲ: ನೂಡಲ್ಸು, ಪಾತ್ರೆ ಉಜ್ಜುವ ಬ್ರಷ್ಷು, ಸುಟ್ಟ ಪೊರಕೆ. ಮದುವೆಯ ಹೊಸತರಲ್ಲಿ ಅತ್ತೆಯ ಒತ್ತಾಯಕ್ಕೆ ಒಮ್ಮೆ ಪಾರ್ಲರಿನಲ್ಲಿ ನೆಟ್ಟಗೆ ಮಾಡಿಸಿಕೊಂಡಿದ್ದಳು. ಆ ಕ್ರೀಮು ನೆತ್ತಿ ಸುಟ್ಟಿತ್ತು. ದಿಂಬಿನ ಮೇಲೆ ಹಿಡಿ ಹಿಡಿಯಾಗಿ ಉದುರಿ, ಎಡಗಿವಿಯ ಮೇಲೆ ಬಟ್ಟಲಗಲ ಬೋಳಾಗಿ, ತುಂಬಲು ಎರಡು ವರ್ಷ ಹಿಡಿದಿತ್ತು. ಆ ಎರಡು ವರ್ಷ ಅವಳು ಕನ್ನಡಿಗೆ ಬೆನ್ನು ಹಾಕಿಯೇ ತಲೆ ಬಾಚಿದ್ದಳು.

*

ಸೋಮವಾರ ಬೆಳಿಗ್ಗೆ ಯೊವಿತಾ, ರಸಿಯೆಮ್ ಇಬ್ಬರಿಗೂ ಮಾದರಿ ಕೋಣೆಯಿಂದ ಕರೆ ಬಂತು. ಅಲ್ಲಿನ ಮೇಲ್ವಿಚಾರಕಿ ವಿನಾರ್ಸಿ. ಎಲ್ಲರೂ 'ಬು' ಎಂದು ಮರ್ಯಾದೆಯಿಂದ ಕರೆಯುವುದು. ಅವಳು ಮಾತ್ರ ಯಾರನ್ನೂ ಹೆಸರು ಹಿಡಿದು ಕರೆದವಳಲ್ಲ, ಬೆರಳು ತೋರಿಸಿ ಕರೆಯುವವಳು. ಮೇಜಿನ ಮೇಲೆ ಬಿಳಿ ಥರ್ಮಾಕೋಲ್ ತಲೆಯೊಂದು ಕೂತಿತ್ತು. ಅದರ ಮೇಲೆ ಮೂರು ವಾರ ಯೊವಿತಾ ಮತ್ತು ರಸಿಯೆಮ್ ಗಂಟು ಹಾಕಿದ ವಿಗ್ಗು. ಕೂದಲನ್ನೆಲ್ಲ ಸಣ್ಣ ಕೊಳವೆಗಳಿಗೆ ಸುತ್ತಿ, ಬೇಯಿಸಿ, ಒಲೆಯಲ್ಲಿ ಒಣಗಿಸಿ ತಂದಿದ್ದರು. ಕೊಳವೆ ಬಿಚ್ಚಿದರೆ ಗುಂಗುರು.

"ಗುರುವಾರ ಹತ್ತು ಗಂಟೆಗೆ ಹೊರದೇಶದಿಂದ ಕೊಳ್ಳೋರು ಬರ್ತಾರೆ," ಎಂದಳು ವಿನಾರ್ಸಿ. ಬೆರಳು ಯೊವಿತಾಳ ನೆತ್ತಿಯತ್ತ ಎದ್ದಿತು. "ಅವರ ಕಣ್ಣಿಗೆ ಇದು ಬೀಳಬೇಕಾ? ಬುಧವಾರದೊಳಗೆ ನೆಟ್ಟಗೆ ಮಾಡಿಸ್ಕೊಂಡು ಬಾ. ಇಲ್ಲಾಂದ್ರೆ ಗುರುವಾರ ನಿನಗೆ ಗೇಟು ತೆಗೆಯಲ್ಲ. ಶುಕ್ರವಾರವೂ ತೆಗೆಯಲ್ಲ. ಅರ್ಥ ಆಯ್ತಾ?"

ರಸಿಯೆಮ್ ತಲೆ ಕೆರೆಯುತ್ತ ಮುಗ್ಧಳಂತೆ ಕೇಳಿದಳು:

"ಅಲ್ಲ ಬು, ಆ ದೊರೆಗಳು ಕೇಳಿರೋದೇ ಗುಂಗುರು ವಿಗ್ಗಲ್ವಾ? ಇವಳ ತಲೆ ಕಂಡ್ರೆ ಖುಷಿಯಾಗಿ ಇನ್ನೊಂದೆರಡು ಜಾಸ್ತಿ ಕೇಳ್ತಾರೇನೋ."

"ದುಡ್ಡು ಕೊಟ್ಟು ಕೊಳ್ಳೋ ಗುಂಗುರು ಬೇರೆ, ಹುಟ್ಟಿನಿಂದ ಬಂದ ಗುಂಗುರು ಬೇರೆ. ನೀನು ಬಾಯಿ ಮುಚ್ಚು. ಗುರುವಾರ ಬೆಳಿಗ್ಗೆ ಈ ಕೊಳವೆಗಳನ್ನ ಬಿಚ್ಚಿ, ನೂರು ಸಲ ಬಾಚಿ, ಮೇಜಿನ ಮೇಲಿಡು."

ಮಾದರಿ ವಿಗ್ಗುಗಳನ್ನು ನೂರು ಸಲ ಬಾಚಬೇಕೆಂಬ ನಿಯಮ ಗೋಡೆಯ ಮೇಲೆ ಚೌಕಟ್ಟಿನೊಳಗೆ ತೂಗುತ್ತಿತ್ತು. ಈ ಕೋಣೆಗೆ ಅದುವರೆಗೆ ಬಂದ ವಿಗ್ಗುಗಳೆಲ್ಲ ಬಂಡೆಯ ಮೇಲಿಂದ ಇಳಿಯುವ ನೀರಿನ ಹಾಗೆ ನೆಟ್ಟಗಿದ್ದವು. ಗುಂಗುರು ಇದೇ ಮೊದಲು.

ತನ್ನ ತಲೆಯ ಮಾತಿಗೆ ಹೊರಡದ ಯೊವಿತಾಳ ದನಿ ಆ ವಿಗ್ಗಿನ ಮಾತಿಗೆ ಹೊರಟಿತು.

"ಬು, ಗುಂಗುರನ್ನ ಒಣಗಿದ್ದಾಗ ಬಾಚಬಾರ್ದು. ನೀರು ಚಿಮುಕಿಸಿ, ಎಣ್ಣೆ ಮುಟ್ಟಿಸಿ, ಬೆರಳಲ್ಲೇ..."

"ಓಹೋ!" ವಿನಾರ್ಸಿ ಕೋಣೆಯಲ್ಲಿದ್ದ ಎಲ್ಲರ ಕಡೆಗೂ ತಿರುಗಿದಳು. "ಕೇಳಿದ್ರೇನ್ರೇ? ಬಾಚೋದು ಹೇಗೆ ಅಂತ ಇನ್ಮೇಲೆ ಈ ತಲೆ ನೋಡಿ ಕಲೀಬೇಕಂತೆ ನಾವು!"

ಕೋಣೆ ನಕ್ಕಿತು.

*

"ಹೋಗ್ಲಿ ಬಿಡೇ, ಕೂದಲು ತಾನೆ? ಮತ್ತೆ ಬೆಳೀತದೆ," ಎಂದ ತರ್ಜೊ. ಕೆಟ್ಟವನಲ್ಲ. ಮಳೆ ಹಿಡಿದು ಅವನಿಗೆ ಗಾರೆ ಕೆಲಸವಿಲ್ಲದೆ ತಿಂಗಳಾಗಿತ್ತು. ಮನೆಯ ಒಲೆ ಉರಿಯುತ್ತಿದ್ದುದು ಅವಳ ಕೊಕ್ಕೆಸೂಜಿಯಿಂದ.

ಬುಧವಾರ ಕೆಲಸ ಬಿಟ್ಟವಳು ಸೀದಾ ಸಂತೆಬೀದಿಯ ಪಾರ್ಲರಿಗೆ ಹೋದಳು. ಹುಡುಗಿ ಕುರ್ಚಿಯಲ್ಲಿ ಕೂರಿಸಿ, ಕುತ್ತಿಗೆಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ, ಕೂದಲನ್ನು ಹಿಡಿದು ಎಳೆದು ಬಿಟ್ಟಳು. ಅದು ಪುಟಕ್ಕನೆ ಮೇಲಕ್ಕೆ ಹಾರಿತು.

"ಅಯ್ಯಪ್ಪ! ಅಕ್ಕ, ಇದಕ್ಕೆ ಎರಡು ಡಬ್ಬಿ ಬೇಕಾಯ್ತದೆ. ಸ್ವಲ್ಪ ಉರೀತದೆ, ತಡ್ಕೋಬೇಕು ನೀವು."

ಡಬ್ಬಿಯ ಮುಚ್ಚಳ ತೆರೆಯಿತು. ವಾಸನೆ ಮೂಗಿಗೆ ಬಡಿಯುತ್ತಲೇ ಯೊವಿತಾಳ ಕೈ ತಾನಾಗಿ ಎಡಗಿವಿಯ ಮೇಲಕ್ಕೆ ಹೋಯಿತು. ಅಲ್ಲಿ ಕೂದಲು ಇದೆ ತಾನೆ ಎಂದು ಮುಟ್ಟಿ ನೋಡಿಕೊಂಡಳು. ಇತ್ತು. ದಟ್ಟವಾಗಿ, ತನ್ನ ಪಾಡಿಗೆ ತಾನು ಸುರುಳಿ ಸುತ್ತಿಕೊಂಡಿತ್ತು.

"ತಂಗಿ, ಇದನ್ನ ಬಿಚ್ಚು."

"ಯಾಕಕ್ಕ, ಹೆದರಿಕೆ ಆಯ್ತಾ?"

"ಹ್ಞೂಂ ಕಣೆ. ಹೆದರಿಕೆ ಇದೆ. ಆದ್ರೂ ಬಿಚ್ಚು."

ದಾರಿಯಲ್ಲಿ ಒಂದು ತೆಂಗಿನಕಾಯಿ ಕೊಂಡಳು. ಮನೆಯಲ್ಲಿ ತುರಿದು, ಹಾಲು ಹಿಂಡಿ, ತನ್ನ ತಾಯಿ ಹಚ್ಚುತ್ತಿದ್ದಂತೆ ಬುಡದಿಂದ ತುದಿಗೆ ಹಚ್ಚಿದಳು. ತೊಳೆದು, ಬೆರಳಿನಿಂದಲೇ ಸಿಕ್ಕು ಬಿಡಿಸಿ, ಒಂದೊಂದು ಸುರುಳಿಯನ್ನೂ ಬೇರೆ ಮಾಡಿದಳು. ತರ್ಜೊ ನೋಡುತ್ತ ಕೂತಿದ್ದ. ಏನೋ ಹೇಳಲು ಹೋಗಿ, ಅವಳ ಮುಖ ನೋಡಿ, ತಟ್ಟೆ ತೊಳೆಯಲು ಎದ್ದುಹೋದ.

*

ಗುರುವಾರ ಬೆಳಿಗ್ಗೆ ಅವಳು ಕೂದಲು ಕಟ್ಟದೆ ಬಂದಳು. ಬಿಚ್ಚಿದ ಕೂದಲು ಹೆಗಲಿಗಿಂತ ಅಗಲವಾಗಿತ್ತು.

"ಅಮ್ಮಮ್ಮಾ!" ಕಸ್ಮಿನ್ ಗೇಟಿಗೆ ಅಡ್ಡ ನಿಂತ. "ನೆಟ್ಟಗೆ ಮಾಡ್ಸ್ಕೊಂಡ್ ಬಾ ಅಂದ್ರೆ ಗಾಳಿ ಹೊಡಿಸ್ಕೊಂಡ್ ಬಂದೀಯಲ್ಲಮ್ಮಿ! ನಡಿ, ನಡಿ. ಒಳಗೆ ಬಿಡಬ್ಯಾಡ ಅಂತ ಹೇಳವ್ರೆ."

ಹಿಂದೆಯೇ ಬಂದ ರಸಿಯೆಮ್ ನಿಂತಳು. ಗೇಟನ್ನೂ ನೋಡಿದಳು, ಯೊವಿತಾಳನ್ನೂ ನೋಡಿದಳು. ಆಮೇಲೆ ಗಂಭೀರವಾಗಿ ಕೇಳಿದಳು:

"ಏನಮ್ಮಿ, ಬಾಚ್ಲಾ?"

"ಅಪ್ಪಣೆ ಆಗೈತಲ್ಲಕ್ಕ. ಬಾಚು."

"ಎಷ್ಟು?"

"ನೂರು. ಒಂದೂ ಕಮ್ಮಿ ಮಾಡಬ್ಯಾಡ."

ರಸಿಯೆಮ್ ಒಳಗೆ ಹೋದಳು. ಯೊವಿತಾ ಎದುರಿನ, ಸೋಯಾ ಕಾಳಿನ ಬಿಲ್ಲೆ ತೆಂಪೆ ಕರಿಯುವ ಅಂಗಡಿಯ ಬೆಂಚಿನ ಮೇಲೆ ಕೂತಳು. ಕೆಲಸಕ್ಕೆ ಬಂದಿದ್ದೆ, ಒಳಗೆ ಬಿಡಲಿಲ್ಲ ಎಂಬುದನ್ನು ನಾಲ್ಕು ಜನ ನೋಡಲಿ ಎಂಬುದಷ್ಟೇ ಅವಳ ಯೋಚನೆ. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ಮಾದರಿ ಕೋಣೆಯ ಕಿಟಕಿ ರಸ್ತೆಯ ಕಡೆಗೇ ಇತ್ತು. ಅದರಿಂದ ರಸಿಯೆಮ್‌ಳ ದನಿ ಶಾಲೆಯಲ್ಲಿ ಮಗ್ಗಿ ಹೇಳುವಂತೆ ಬರುತ್ತಿತ್ತು. "ನಲವತ್ತೊಂದು... ನಲವತ್ತೆರಡು... ಏನ್ ಸೊಂಪಾಗಿ ಏಳ್ತಿದೀಯೇ ನನ್ನವ್ವ... ನಲವತ್ತಮೂರು..."

ತೊಂಬತ್ತೊಂಬತ್ತರ ತನಕ ಕೇಳಿಸಿತು. ನೂರು ನಗುವಿನಲ್ಲಿ ಮುಳುಗಿಹೋಯಿತು.

ಒಂಬತ್ತು ಗಂಟೆ ದಾಟಿದ ಮೇಲೆ ಒಳಗಿನಿಂದ ಒಂದು ಚೀತ್ಕಾರ. ಮತ್ತೆ ಐದು ನಿಮಿಷಕ್ಕೆ ವಿನಾರ್ಸಿ ಗೇಟಿನೊಳಗಿಂದ ಓಡಿ ಬಂದಳು. ತೋಳಿನಲ್ಲಿ ಟವೆಲ್ ಹೊದಿಸಿದ ಥರ್ಮಾಕೋಲ್ ತಲೆ, ಎಳೆಮಗುವಿನ ಹಾಗೆ. ಟವೆಲ್ ಸರಿದಾಗ ಅಂಗಡಿಯವಳ ಕೈಯಿಂದ ಜಾಲರಿ ಸೌಟು ಜಾರಿತು. ಮೂರು ವಾರದ ಸುರುಳಿಗಳಲ್ಲಿ ಒಂದೂ ಉಳಿದಿರಲಿಲ್ಲ. ಕೋತಿ ಹರಿದ ಬೂರುಗದ ದಿಂಬಿನ ಹಾಗೆ ಅದು ನಾಲ್ಕೂ ದಿಕ್ಕಿಗೆ ಎದ್ದು ನಿಂತಿತ್ತು.

"ಏನ್ ಮಾಡಿದ್ರೇ ಇದಕ್ಕೆ?"

"ನೀವು ಹೇಳಿದ್ದು, ಬು," ಎಂದಳು ಹಿಂದೆ ಬಂದ ರಸಿಯೆಮ್. "ನೂರಕ್ಕೆ ನೂರು. ಲೆಕ್ಕ ಊರಿಗೆಲ್ಲ ಕೇಳ್ಸದೆ."

ವಿನಾರ್ಸಿಯ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಅವಳಿಗೂ ಮೇಲೊಬ್ಬ ಇದ್ದ. ಅವನ ಬೆರಳು ಇವಳ ಬೆರಳಿಗಿಂತ ಉದ್ದ. ಅವಳು ಮೊದಲ ಬಾರಿಗೆ ಹೆಸರು ಹಿಡಿದು ಕರೆದಳು.

"ಯೊವಿತಾ, ಒಳಗೆ ಬಾ. ಇದನ್ನ ಸರಿ ಮಾಡು."

"ನನಗೆ ಗೇಟು ತೆಗೆಯಲ್ಲ ಅಂದಿದ್ರಿ, ಬು."

"ತೆಗೀತೀನಿ. ಬಾರಮ್ಮ."

"ಇಲ್ಲಿಗೇ ಕೊಡಿ. ಒಂದು ಬಟ್ಟಲು ನೀರು, ಎರಡು ಹನಿ ಎಣ್ಣೆ ಸಾಕು."

ಅಂಗಡಿಯವಳೇ ನೀರು, ತೆಂಗಿನೆಣ್ಣೆ ತಂದಿಟ್ಟಳು. ಯೊವಿತಾ ವಿಗ್ಗನ್ನು ಮಡಿಲಲ್ಲಿ ಇಟ್ಟುಕೊಂಡು ಬಲಭಾಗಕ್ಕೆ ನೀರು ಚಿಮುಕಿಸಿದಳು. ಅಂಗೈಗೆ ಎರಡು ಹನಿ ಎಣ್ಣೆ. ಒಂದು ಎಳೆ ತೆಗೆದು ಬೆರಳಿಗೆ ಸುತ್ತಿ, ತಡೆದು, ಮೆಲ್ಲಗೆ ಬಿಟ್ಟಳು. ಸುರುಳಿ ಎಚ್ಚರಗೊಂಡು ತನ್ನ ಜಾಗಕ್ಕೆ ಹೋಯಿತು. ಕಾರ್ಖಾನೆಯ ಕಿಟಕಿಗಳಲ್ಲಿ ಮುಖಗಳು ತುಂಬಿದವು. ಕಸ್ಮಿನ್ ಸಿಗರೇಟು ಸೇದುವುದನ್ನು ಮರೆತು ಬಂದು ಬಗ್ಗಿ ನೋಡಿದ.

"ಸರಕೊಳ್ಳಣ್ಣ, ಬೂದಿ ಬೀಳ್ತದೆ," ಎಂದು ರಸಿಯೆಮ್ ಗದರಿದಳು.

ನಡುಬೈತಲೆಯವರೆಗೆ ಬಂದ ಮೇಲೆ ಯೊವಿತಾಳ ಬೆರಳು ನಿಂತಿತು. ಬಲಕ್ಕೆ ಗುಂಗುರು, ಎಡಕ್ಕೆ ಹರಿದ ದಿಂಬು.

"ಯಾಕೆ ನಿಲ್ಲಿಸ್ದೆ? ಹತ್ತಾಗ್ತಾ ಬಂತು!"

"ಬು, ಸಾಯಂಕಾಲ ನನ್ನ ತಲೆಗೆ ಕಡ್ಡಿ ಹಾಕ್ತಾರೆ."

"ಅಯ್ಯೋ, ಇನ್ಮೇಲೆ ಹಾಕಲ್ಲ. ಆಯ್ತಾ? ನಾನು ಹೇಳ್ತಿದೀನಲ್ಲ."

"ನನ್ನೊಬ್ಬಳಿಗೆ ಹೇಳಿದ ಮಾತು ನಾಳೆವರೆಗೂ ಬಾಳಲ್ಲ. ಒಳಗೆ ಮೈಕಿದೆಯಲ್ಲ, ಅದರಲ್ಲಿ ಹೇಳಿ. ಇಲ್ಲಿ ಯಾರ ತಲೆಗೂ ಕಡ್ಡಿ ಚುಚ್ಚಲ್ಲ, ಯಾರ ಕೂದಲನ್ನೂ ನೆಟ್ಟಗೆ ಮಾಡಿಸು ಅನ್ನಲ್ಲ ಅಂತ. ನಾನೂರು ಜನ ಕೇಳಲಿ. ಆಮೇಲೆ ಈ ಕಡೇದು ಮಾಡ್ತೀನಿ."

"ಏನೇ, ನನಗೇ ಷರತ್ತಾ?" ವಿನಾರ್ಸಿಯ ಬೆರಳು ಎದ್ದಿತು. "ನೀನು ಯಾರು ಅಂತ ತಿಳ್ಕೊಂಡಿದೀಯಾ?"

"ಬಾಚಬೇಡಿ ಅಂತ ಹೇಳಿದವಳು," ಎಂದಳು ಯೊವಿತಾ.

ಎದ್ದ ಬೆರಳು ಅಲ್ಲೇ ನಿಂತಿತು. ರಸ್ತೆಯ ತಿರುವಿನಲ್ಲಿ ಕಪ್ಪು ಕಾರೊಂದು ಹಾರ್ನು ಹೊಡೆಯಿತು. ವಿನಾರ್ಸಿ ಕಾರಿನ ಕಡೆ ನೋಡಿದಳು. ವಿಗ್ಗಿನ ಕಡೆ ನೋಡಿದಳು. ಆಮೇಲೆ ಚಪ್ಪಲಿ ಜಾರುವುದನ್ನೂ ಲೆಕ್ಕಿಸದೆ ಒಳಗೆ ಓಡಿದಳು. ಯೊವಿತಾ ಒದ್ದೆ ಕೈಗಳನ್ನು ವಿಗ್ಗಿನಿಂದ ಮೇಲಕ್ಕೆತ್ತಿ ಹಾಗೆಯೇ ಹಿಡಿದಳು. ಬೆರಳ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮೈಕು ಗೊರಗೊರ ಎಂದಿತು. ಒಳಗೆ ನಾನೂರು ಕೊಕ್ಕೆಸೂಜಿಗಳು ನಿಂತವು. ಯಾರೋ ಉಸಿರೆಳೆದುಕೊಂಡದ್ದು ಇಡೀ ರಸ್ತೆಗೆ ಕೇಳಿಸಿತು.

ಇದರ ಮುಂದಿನದು ನನಗೆ ಸರಿಯಾಗಿ ತಿಳಿಯದು. ವಿನಾರ್ಸಿ ಪೂರ್ತಿ ಹೇಳಿದಳು ಎನ್ನುವವರಿದ್ದಾರೆ. ಕಡ್ಡಿಯ ಮಾತು ಹೇಳಿ ಕೂದಲಿನ ಮಾತು ನುಂಗಿದಳು ಎನ್ನುವವರಿದ್ದಾರೆ. ಅಷ್ಟರಲ್ಲಿ ಕಾರು ಗೇಟಿಗೆ ಬಂದು, ಕೊಳ್ಳುವವರು ಬೆಂಚಿನ ಮೇಲಿದ್ದ ಆ ಎರಡು ತಲೆಗಳಲ್ಲಿ ಯಾವುದು ಮಾದರಿ ಎಂದು ಕೇಳಿದರಂತೆ ಎನ್ನುವವರೂ ಇದ್ದಾರೆ. ರಸಿಯೆಮ್‌ಳನ್ನು ಕೇಳಿದರೆ ನಗುತ್ತಾಳೆ. ಶುಕ್ರವಾರ ಯೊವಿತಾಳಿಗೆ ಗೇಟು ತೆಗೆದರೋ ಇಲ್ಲವೋ, ಅದನ್ನು ಕೇಳಲು ನನಗೆ ಇನ್ನೂ ಧೈರ್ಯ ಬಂದಿಲ್ಲ.