ನಲವತ್ತು ತಿಂಗಳ ಹಿಂಬಾಕಿ

"ನನಗೆ ಎರಡು ಕೈ ಉಂಟು, ಒಂದು ಬೀಡಿ ಕಟ್ಟಲಿಕ್ಕೆ ಬರುದಿಲ್ಲ. ನಿನ್ನ ಮಗಳಿಗೆ ಕೈಯೇ ಇಲ್ಲ ಅಂತ ಹೇಳ್ತೀ, ಅವಳು ದಿನಕ್ಕೆ ಎಂಟುನೂರು ಕಟ್ತಾಳೆ. ಇದೆಂತ ಕಣ್ಕಟ್ಟು ಮಾರಾಯ್ತಿ?"

ಇಷ್ಟು ಹೇಳಿ ತಾಲೂಕು ಆಫೀಸಿನ ಗುಮಾಸ್ತ ಪಕ್ಕದ ಮೇಜಿನವನ ಮುಖ ನೋಡಿದ. ಅವನು ನಕ್ಕ. ನನ್ನ ಹಿಂದೆ ಸಾಲಿನಲ್ಲಿ ನಿಂತಿದ್ದವರೂ ನಕ್ಕರು. ಅವರ ಅರ್ಜಿಗಳೂ ಅದೇ ಮೇಜಿನ ಮೇಲಿದ್ದವು, ನಗದೆ ಇದ್ದರೆ ಹೇಗೆ? ಗುಮಾಸ್ತನ ಕೈಯಲ್ಲಿ ರಶೀನಾಳ ಬೀಡಿ ಪುಸ್ತಕದ ಜೆರಾಕ್ಸ್ ಇತ್ತು. ವಿಚಾರಣೆಗೆಂದು ಮನೆಗೆ ಬಂದಿದ್ದ ಗ್ರಾಮಕರಣಿಕ ಗೋಡೆಯ ಮೊಳೆಗೆ ತೂಗುಹಾಕಿದ್ದ ಪುಸ್ತಕವನ್ನು ನೋಡಿ ಮಾಡಿಸಿಕೊಂಡಿದ್ದ. ಅದರಲ್ಲಿ ಅವಳ ಫೋಟೋ, ಅವಳ ಹೆಸರು. ಅಂಗವಿಕಲ ವೇತನದ ಅರ್ಜಿಯ ಮೇಲೆ ಗುಮಾಸ್ತ ಕೆಂಪು ಶಾಯಿಯಲ್ಲಿ ಗೀಚಿದ: ದುಡಿಯುವವಳು, ಆದಾಯ ಇದೆ, ವಜಾ. ಅದು ತೊಂಬತ್ತೆಂಟನೇ ಇಸವಿ.

ರಶೀನಾ ನನ್ನ ಒಬ್ಬಳೇ ಮಗಳು. ಮೂರನೇ ವರ್ಷದಲ್ಲಿ ಬಂದ ಜ್ವರ ಅವಳ ಎರಡು ಕೈಗಳನ್ನೂ ಬತ್ತಿಸಿ ಹೋಯಿತು. ಹೆಗಲಿನಿಂದ ಕೆಳಗೆ ಜೋತುಬಿದ್ದಿವೆ, ಅಷ್ಟೆ. ಅನ್ನ ಉಣಿಸುವುದು, ತಲೆ ಬಾಚುವುದು, ಬಟ್ಟೆ ತೊಡಿಸುವುದು ಎಲ್ಲ ನಾನೇ. ಬೀಡಿ ಕಟ್ಟುವವಳೂ ನಾನೇ.

ನಮ್ಮ ಕಡೆ ಕಟ್ಟಿದ ಬೀಡಿಯ ಲೆಕ್ಕ ಬರೆಯುವ ಪುಸ್ತಕ ಒಬ್ಬರ ಹೆಸರಿನಲ್ಲಿರುತ್ತದೆ, ಕಟ್ಟುವವರು ಮನೆಮಂದಿಯೆಲ್ಲ. ಸೊಸೆಯ ಪುಸ್ತಕಕ್ಕೆ ಅತ್ತೆ ಕಟ್ಟುತ್ತಾಳೆ, ಗಂಡನ ಮನೆಗೆ ಹೋದವಳ ಪುಸ್ತಕಕ್ಕೆ ತಂಗಿ ಕಟ್ಟುತ್ತಾಳೆ. ವಿಟ್ಲದಿಂದ ತೋಡಾರಿನವರೆಗೆ ಇದು ಯಾರಿಗೂ ಗೊತ್ತಿಲ್ಲದ ಗುಟ್ಟಲ್ಲ. ಗಂಡ ತೀರಿಕೊಂಡ ವರ್ಷ ಬೀಡಿ ಕಂಪೆನಿಯ ಬ್ರಾಂಚಿಗೆ ಹೋಗಿ ಪುಸ್ತಕ ಕೇಳಿದಾಗ ನಾನು ಒಂದು ಯೋಚನೆ ಮಾಡಿದ್ದೆ. ನನ್ನ ಹೆಸರಿಗೆ ಪಿ.ಎಫ್. ಬಿದ್ದು ಏನಾಗಬೇಕು? ನಾನು ಸತ್ತ ಮೇಲೆ ಇವಳ ಬಾಯಿಗೆ ಅನ್ನ ಇಡುವವರು ಯಾರು? ದುಡ್ಡು ಇದ್ದರೆ ಯಾರಾದರೂ ಇಟ್ಟಾರು. ಪುಸ್ತಕ ಅವಳ ಹೆಸರಿಗೇ ಇರಲಿ ಎಂದೆ. ಬೀಡಿ ಕಂಟ್ರಾಕ್ಟರ್ ಬದ್ರಾಕ ಆಗ ನನ್ನ ಬುದ್ಧಿಯನ್ನು ಹೊಗಳಿದ್ದರು. ಅವರ ಪೂರ್ತಿ ಹೆಸರು ಬದ್ರುದ್ದೀನ್, ಊರಿಗೆಲ್ಲ ಬದ್ರಾಕ. ಫಾರಂ ಹಿಡಿದುಕೊಂಡು ನಮ್ಮ ಮನೆಗೇ ಬಂದು, ಮಗಳ ಸತ್ತ ಹೆಬ್ಬೆರಳನ್ನು ತಾವೇ ಎತ್ತಿ ಶಾಯಿಗೆ ಅದ್ದಿ ಒತ್ತಿಸಿಕೊಂಡರು. ಅದರ ಮೇಲೆ ಹನ್ನೊಂದು ವರ್ಷ ನಾನು ಕಟ್ಟಿದೆ. ಕಣ್ಣು ಮಂಜಾಯಿತು, ಎದೆಯೊಳಗೆ ಹೊಗೆಸೊಪ್ಪಿನ ಧೂಳು ತುಂಬಿತು. ತೊಂದರೆಯಿಲ್ಲ, ಪಿ.ಎಫ್. ಬೆಳೆಯುತ್ತಿದೆ ಎಂದುಕೊಂಡು ಕಟ್ಟಿದೆ.

ಅರ್ಜಿ ವಜಾ ಆದ ಮೇಲೆ ಆಫೀಸಿನ ಜಗಲಿಯಲ್ಲಿ ಅರ್ಜಿ ಬರೆಯುತ್ತಿದ್ದ ಲೋಕನಾಥ ನನ್ನನ್ನು ಕರೆದ. ಮೇಲಿನ ಸಾಹೇಬರಿಗೆ ಅಪೀಲು ಹಾಕಬಹುದು, ಗೆದ್ದರೆ ಅರ್ಜಿ ಕೊಟ್ಟ ತಿಂಗಳಿನಿಂದ ಹಿಂಬಾಕಿ ಸಹ ಸಿಗುತ್ತದೆ ಎಂದ. ಒಳ್ಳೆಯವನು, ಬರೆದದ್ದಕ್ಕೆ ಹತ್ತೇ ರೂಪಾಯಿ ತೆಗೆದುಕೊಂಡ. ಪುಸ್ತಕದ ವಿಷಯ ಏನು ಬರೆಯಲಿ ಎಂದು ಕೇಳಿದ. ಇದ್ದದ್ದು ಇದ್ದ ಹಾಗೆ ಬರಿ ಅಂದೆ. ನನ್ನ ಮಗಳು ಹುಟ್ಟಿದಾರಭ್ಯ ಒಂದೇ ಒಂದು ಬೀಡಿ ಕಟ್ಟಿದವಳಲ್ಲ, ಪುಸ್ತಕದಲ್ಲಿರುವ ದುಡಿಮೆಯೆಲ್ಲ ತಾಯಿಯಾದ ನನ್ನದು ಎಂದು ಬರೆದು ಓದಿ ಹೇಳಿದ. ಕೇಳುವಾಗ ನನಗೆ ಹೆಮ್ಮೆಯಾಯಿತು. ನನ್ನ ದುಡಿಮೆ ಕಾಗದದ ಮೇಲೆ ಬಂದದ್ದು ಅದೇ ಮೊದಲು.

ಅಪೀಲಿನ ವಿಚಾರಣೆಗೆ ಆರು ಸಲ ಹೋದೆವು. ಐದು ಸಲ ಸಾಹೇಬರು ಇರಲಿಲ್ಲ. ಆರನೇ ಸಲ ಒಳಗೆ ಕರೆದು, ರಶೀನಾಳ ತೋಳಿನ ಬಟ್ಟೆ ಮೇಲೆ ಮಾಡಿಸಿದರು. ಎಂಟು ಹತ್ತು ಗಂಡಸರು ನೋಡುತ್ತಿದ್ದರು. ಮೇಜಿನ ಮೇಲಿದ್ದ ಪೆನ್ನು ಎತ್ತಲಿಕ್ಕೆ ಹೇಳಿದರು. ಅವಳು ಹೆಗಲನ್ನು ಬೀಸಿ ಕೈಯನ್ನು ಮೇಜಿನ ಮೇಲೆ ಹಾಕಿದಳು, ಬೆರಳು ತಾಗಿ ಪೆನ್ನು ಉರುಳಿ ನೆಲಕ್ಕೆ ಬಿತ್ತು. ಇನ್ನೊಮ್ಮೆ ಅಂದರು. ಬಿತ್ತು. ಮೂರನೇ ಸಲವೂ ಬಿತ್ತು. ಪ್ರತಿ ಸಲ ಪೆನ್ನು ಬಿದ್ದಾಗಲೂ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ಮಗಳ ಕೈ ಸೋತದ್ದಕ್ಕೆ ಖುಷಿಪಟ್ಟ ತಾಯಿ ನಾನು, ಅದನ್ನು ಯಾಕೆ ಮುಚ್ಚಿಡಲಿ? ಬಸ್ಸು ಕಲ್ಲಡ್ಕ ದಾಟಿದ ಮೇಲೆ ಅವಳು ನನ್ನ ಕಡೆ ತಿರುಗದೆ ಕೇಳಿದಳು.

"ಗೆದ್ದೆವಾ ಉಮ್ಮ?"

ಗೆದ್ದೆವು. ತಿಂಗಳಿಗೆ ನೂರು ರೂಪಾಯಿ, ನಲವತ್ತು ತಿಂಗಳ ಹಿಂಬಾಕಿ ನಾಲ್ಕು ಸಾವಿರ. ಅದನ್ನು ಖಜಾನೆಯಿಂದ ಹೊರಡಿಸಲು ಅದೇ ಗುಮಾಸ್ತ ನಾನೂರು ಕೇಳಿದ. ಕಿವಿಯ ಅಲಿಕತ್ತು ಮಾರಿ ಕೊಟ್ಟೆ. ಅವನು ನೋಟುಗಳನ್ನು ಡ್ರಾಯರಿಗೆ ಹಾಕಿ, ಆರ್ಡರಿನ ಒಂದು ಪ್ರತಿಯನ್ನು ಬೀಡಿ ಬ್ರಾಂಚಿಗೂ ಕಳಿಸಿದ್ದೇನೆ ಅಂದ. ದುಡಿಯದವಳ ಹೆಸರಿನಲ್ಲಿ ಪುಸ್ತಕ ಹೇಗೆ ಎಂದು ಅವರು ಉತ್ತರ ಕೊಡಬೇಕಂತೆ. ನನಗೆ ಆಗಲೂ ಏನೂ ಹೊಳೆಯಲಿಲ್ಲ. ಮನೆಗೆ ಬರುವಾಗ ಅರ್ಧ ಕಿಲೋ ಬಂಗುಡೆ ಮೀನು ತಂದು ಸಾರು ಮಾಡಿದೆ.

ಮುಂದಿನ ಬುಧವಾರ ಬೀಡಿ ಕೊಡಲಿಕ್ಕೆ ಹೋದಾಗ ಬದ್ರಾಕ ನನ್ನ ಬುಟ್ಟಿಯನ್ನು ಕಾಲಿನಿಂದ ಆಚೆ ತಳ್ಳಿದರು. ಕಟ್ಟುಗಳು ಜಾರಿ ಸಿಮೆಂಟಿನ ಮೇಲೆ ಚೆಲ್ಲಿದವು.

"ಬೇವರ್ಸಿ ರಂಡೆ, ನನ್ನ ಅನ್ನಕ್ಕೇ ಮಣ್ಣು ಹಾಕಿದಿಯಲ್ಲ. ಕಂಪೆನಿಯವರು ನನ್ನ ಕುತ್ತಿಗೆ ಹಿಡಿದಿದ್ದಾರೆ. ಕಳ್ಳ ಪುಸ್ತಕ ಅಂತೆ."

ಅವರು ನನ್ನ ಕೈಯಿಂದ ರಶೀನಾಳ ಪುಸ್ತಕ ಕಸಿದು ಮೂಲೆಯಿಂದ ಮೂಲೆಗೆ ಗೆರೆ ಎಳೆದರು. ಬೆರಳು ಒತ್ತಿಸಿಕೊಂಡದ್ದು ನೀವೇ ಅಲ್ಲವಾ ಎಂದು ಕೇಳಿದೆ. ನನಗೆ ನೆನಪಿಲ್ಲ ಎಂದರು. ಪಿ.ಎಫ್. ಏನಾಯಿತು ಎಂದು ಕೇಳಿದೆ. ಹನ್ನೊಂದು ವರ್ಷಕ್ಕೆ ಹದಿನೆಂಟು ಸಾವಿರ ಆಗಿದೆ ಎಂದು ಹಿಂದಿನ ರಂಜಾನಿನಲ್ಲಿ ಅವರೇ ಹೇಳಿದ್ದರು.

"ಯಾರಿಗೆ ಕೊಡುದು?" ಅವರ ದನಿ ಈಗ ತಣ್ಣಗಿತ್ತು. "ಹೆಸರು ಇರುವವಳು ಕಟ್ಟಿದವಳಲ್ಲ ಅಂತ ನೀನೇ ಬರೆದು ಕೊಟ್ಟಿದ್ದೀ. ಕಟ್ಟಿದವಳಿಗೆ ಹೆಸರೇ ಇಲ್ಲ. ಹೇಳು, ಯಾರಿಗೆ ಕೊಡುದು?"

ಲೋಕನಾಥನ ಹತ್ತಿರ ಓಡಿದೆ. ಅವನು ಆರ್ಡರನ್ನು ಎರಡೆರಡು ಸಲ ಓದಿ, ತಲೆ ಕೆರೆದು, ತಾನು ಇದನ್ನು ಯೋಚಿಸಲಿಲ್ಲ ಮಾರಾಯ್ತಿ ಎಂದ. ಮಗಳೇ ಕಟ್ಟಿದ್ದು ಎಂದು ಈಗ ಹೇಳಿದರೆ ವೇತನ ಹೋಗುತ್ತದೆ, ಹಿಂಬಾಕಿಯನ್ನು ವಾಪಸು ಕಟ್ಟಬೇಕು, ಸುಳ್ಳು ಹೇಳಿದ್ದಕ್ಕೆ ಕೇಸೂ ಆಗಬಹುದು. ಅವನ ಮೇಲೆ ಸಿಟ್ಟು ಮಾಡಲಿಕ್ಕೂ ನನ್ನಿಂದ ಆಗಲಿಲ್ಲ. ಬರಿ ಎಂದವಳು ನಾನೇ ತಾನೆ.

ಹಿಂಬಾಕಿ ಮನಿಯಾರ್ಡರಿನಲ್ಲಿ ಬರುವ ಹೊತ್ತಿಗೆ ಕೆಲಸವಿಲ್ಲದೆ ಐದು ವಾರ ಆಗಿತ್ತು. ಅಂಗಡಿ ಸಾಲ ಐನೂರರ ಮೇಲೆ ಏರಿತ್ತು. ಬೇರೆ ಯಾವ ಬ್ರಾಂಚಿನವರೂ ನನ್ನನ್ನು ಒಳಗೆ ಬಿಡಲಿಲ್ಲ, ಕಳ್ಳ ಪುಸ್ತಕದವಳು ಎಂಬ ಹೆಸರು ನನಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಹಣ ಬಂದ ಮಾರನೆಯ ದಿನ ಬದ್ರಾಕ ಹೇಳಿಕಳಿಸಿದರು. ಮೂರು ಸಾವಿರ ಕೊಟ್ಟರೆ ಮೇಲಿನವರ ಬಾಯಿ ಮುಚ್ಚಿಸಿ ನನ್ನ ಹೆಸರಿಗೆ ಹೊಸ ಪುಸ್ತಕ ಮಾಡಿಸುತ್ತಾರಂತೆ. ರಶೀನಾ ಬೇಡ ಎಂದಳು. ನಾನು ಕೇಳಲಿಲ್ಲ. ಬೀಡಿ ಕಟ್ಟಲಿಕ್ಕೆ ಎಲೆ ಸಿಗದಿದ್ದರೆ ತಿನ್ನುವುದು ಏನು, ಆ ನೂರು ರೂಪಾಯಿಯನ್ನಾ?

ಬ್ರಾಂಚಿಗೆ ಅವಳೂ ಬಂದಳು. ಬುಧವಾರವಾದ್ದರಿಂದ ಹೆಂಗಸರು ಬುಟ್ಟಿ ಹಿಡಿದು ಹೊರಗಿನವರೆಗೂ ಸಾಲು ನಿಂತಿದ್ದರು. ನಾನು ಮೂರು ಸಾವಿರವನ್ನು ಕರ್ಚೀಫಿನಲ್ಲಿ ಕಟ್ಟಿ ತಂದಿದ್ದೆ. ಗಂಟನ್ನು ಮೇಜಿನ ಮೇಲೆ ಇಟ್ಟು, ಮೊದಲು ಹೆಸರು ಬರೆಯಿರಿ ಎಂದೆ. ಬದ್ರಾಕ ಹೊಸ ಪುಸ್ತಕ ತೆಗೆದು ಬರೆದರು. ನನಗೆ ಓದಲಿಕ್ಕೆ ಬರುವುದಿಲ್ಲ. ರಶೀನಾ ಐದನೇ ಕ್ಲಾಸಿನವರೆಗೆ ಶಾಲೆಯ ಬಾಗಿಲಲ್ಲಿ ಕುಳಿತು ಕಲಿತವಳು. ಬಗ್ಗಿ ಓದಿದಳು.

"ಸೇರಿದ ತಾರೀಕು ಇವತ್ತಿನದ್ದು ಹಾಕಿದ್ದಾರೆ ಉಮ್ಮ. ಹನ್ನೊಂದು ವರ್ಷ ಎಲ್ಲಿಯೂ ಇಲ್ಲ."

ಬದ್ರಾಕ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಸರಕಾರದ ದುಡ್ಡು ಬಂದ ಮೇಲೆ ಮೊಂಡುಕೈಗೂ ನಾಲಿಗೆ ಬಂತಾ ಎಂದರು. ಗಂಟಿನ ಕಡೆ ಅವರ ಕೈ ಹೊರಟಿತು.

ಅಷ್ಟರಲ್ಲಿ ರಶೀನಾ ಮೇಜಿನ ಮೇಲೆ ಬಾಗಿ ಗಂಟನ್ನು ಹಲ್ಲಿನಲ್ಲಿ ಕಚ್ಚಿದಳು. ಬದ್ರಾಕರ ಬೆರಳು ಅವಳ ಕೆನ್ನೆಗೆ ತಾಗಿ ಹಿಂದಕ್ಕೆ ಹೋಯಿತು. ಅವಳು ನೆಟ್ಟಗೆ ನಿಂತು ತಿರುಗಿದಳು. ಕರ್ಚೀಫಿನ ತುದಿಯಿಂದ ಜೊಲ್ಲು ಇಳಿಯುತ್ತಿತ್ತು, ತಲೆಯ ಬಟ್ಟೆ ಜಾರಿತ್ತು, ಸರಿಮಾಡಿಕೊಳ್ಳಲು ಅವಳಿಗೆ ಆಗುವ ಹಾಗಿರಲಿಲ್ಲ. ಹೆಂಗಸರು ಎರಡು ಬದಿಗೆ ಸರಿದು ದಾರಿ ಬಿಟ್ಟರು. ಮೆಟ್ಟಿಲು ಇಳಿದು ರಸ್ತೆಗೆ ಹೋದಳು.

ನಾನು ಅವಳ ಹಿಂದೆ ಓಡಬೇಕಿತ್ತು. ಓಡಲಿಲ್ಲ. ಮೇಜಿನ ಮೇಲೆ ನನ್ನ ಹೆಸರು ಬರೆದ ಪುಸ್ತಕ ತೆರೆದುಕೊಂಡಿತ್ತು. ಅದನ್ನು ತೆಗೆದು ಕುಪ್ಪಸದೊಳಗೆ ಹಾಕಿಕೊಂಡೆ. ಮನೆಯಿಂದ ತಂದಿದ್ದ ಖಾಲಿ ಬುಟ್ಟಿಯನ್ನು ತಕ್ಕಡಿಯ ಮುಂದೆ ಇಟ್ಟು ಅಲ್ಲಿಯೇ ನೆಲದಲ್ಲಿ ಕುಳಿತೆ.

"ಎಲೆ ಕೊಡಿ," ಅಂದೆ.

ಬದ್ರಾಕ ಬಾಯಿಗೆ ಬಂದದ್ದೆಲ್ಲ ಬೈದರು. ಪೊಲೀಸರನ್ನು ಕರೆಸುತ್ತೇನೆ ಅಂದರು. ನಾನು ಏಳಲಿಲ್ಲ. ಸಾಲಿನವರಲ್ಲಿ ಒಬ್ಬಳಾದರೂ ನನ್ನ ಪಕ್ಕ ಕುಳಿತಾಳು ಎಂದು ಕಾದೆ. ಬದ್ರಾಕ ಎಲೆ ತೂಗಿ, ನನ್ನ ತಲೆಯ ಮೇಲಿಂದಲೇ ಹಿಂದಿನವಳಿಗೆ ಚಾಚಿದರು. ಅದು ನೆರೆಮನೆಯ ಫಾಹಿಮಾ. ಅವಳು ಕೈ ನೀಡಿ ತೆಗೆದುಕೊಂಡಳು. ಅವಳಿಗೂ ಮನೆಯಲ್ಲಿ ಮಕ್ಕಳಿದ್ದಾರೆ. ಆಮೇಲೆ ಅವಳ ಹಿಂದಿನವಳು, ಅವಳ ಹಿಂದಿನವಳು. ಎಲೆಯ ಪುಡಿ ನನ್ನ ತಲೆಯ ಮೇಲೆ ಉದುರುತ್ತಿತ್ತು. ನಾನು ಕುಳಿತೇ ಇದ್ದೆ.