ಗೋಡೆಗೆ ಅಂಟಿಸಿದ ರಾಜ್ಯ

ನಮ್ಮ ರಾಜ್ಯದ ಬಗ್ಗೆ ಹದಿನಾರು ಪುಟದ ಪುಸ್ತಿಕೆ ಬರೆಯಬೇಕೆಂದು ನಾನು ಕೆಲಸ ಮಾಡುವ ಪ್ರವಾಸೋದ್ಯಮ ಕಚೇರಿಯ ಸಾಹೇಬರು ಹೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. ಸೈಕಲ್ ಹತ್ತಿದರೆ ಅರ್ಧ ದಿನಕ್ಕೆ ಮುಗಿಯುವ ರಾಜ್ಯ ಇದು. ಚರಿತ್ರೆ ಒಂದು ಪುಟ; ಹಾಲು, ಆಲೂಗಡ್ಡೆ, ಉಣ್ಣೆ ಸೇರಿ ಆರ್ಥಿಕತೆ ಅರ್ಧ ಪುಟ. ನೋಡುವ ಸ್ಥಳಗಳು ಮೂರು: ಕಲ್ಲಿನ ಸೇತುವೆ, ಕೆರೆ, ತಿರುಗದ ಗಾಳಿಗಿರಣಿ. ಅಕ್ಷರ ದಪ್ಪ ಮಾಡಿದರೂ ಒಂಬತ್ತು ಪುಟ ದಾಟಲಿಲ್ಲ.

ನಾಲ್ಕನೆಯ ಸ್ಥಳವಾಗಿ ನನ್ನ ಅತ್ತಿಗೆಯ ವಸತಿಗೃಹವನ್ನು ಸೇರಿಸಿದೆ. ಸಾಹೇಬರು ಅದರ ಮೇಲೆ ಕೆಂಪು ಗೆರೆ ಎಳೆದರು.

"ಮನೆಯವರದ್ದೆಲ್ಲ ಸರ್ಕಾರಿ ಪುಸ್ತಕದಲ್ಲಿ ಬೇಡಮ್ಮ."

ನನಗೆ ಸಿಟ್ಟು ನೆತ್ತಿಗೇರಿತು. ಆ ವಸತಿಗೃಹದ ನಾಲ್ಕು ಕೋಣೆಗಳಿಗೆ ವರ್ಷದಿಂದ ಒಬ್ಬರೂ ಬಂದಿರಲಿಲ್ಲ. ಆದರೂ ಅತ್ತಿಗೆ ಪ್ರತಿ ಸೋಮವಾರ ಯಾರೂ ಮಲಗದ ಹಾಸಿಗೆಯ ಬಟ್ಟೆಗಳನ್ನು ಒಗೆದು, ಇಸ್ತ್ರಿ ಮಾಡಿ ಹಾಸುತ್ತಿದ್ದರು. ಅಣ್ಣ ಆಗಲೇ ಪಕ್ಕದ ರಾಜ್ಯದಲ್ಲಿ ಕೆಲಸ ಹಿಡಿದಿದ್ದ. ಬೇಸಿಗೆ ಮುಗಿಯುವುದರೊಳಗೆ ಜನ ಬಾರದಿದ್ದರೆ ಅತ್ತಿಗೆಯೂ ಬಾಗಿಲು ಹಾಕಿ ಹೊರಡುವುದೆಂದು ತೀರ್ಮಾನವಾಗಿತ್ತು. ನನ್ನ ಕೋಪ ತಡೆದುಕೊಳ್ಳುವವರು ಈ ರಾಜ್ಯದಲ್ಲಿ ಅವರೊಬ್ಬರೇ. ಅವರು ಹೋದರೆ ನಾನು ಒಂಟಿ.

ಒಂದೇ ಒಂದು ಆಸೆ ಉಳಿದಿತ್ತು. ನಮ್ಮಲ್ಲಿ ಸರ್ಕಾರ ಏನೇ ಅಚ್ಚು ಹಾಕಲಿ, ಕರಡನ್ನು ಒಂದು ವಾರ ಗ್ರಂಥಾಲಯದ ಗೋಡೆಗೆ ಅಂಟಿಸಿ, ಪಕ್ಕದಲ್ಲಿ ದಾರ ಕಟ್ಟಿದ ಪೆನ್ಸಿಲ್ ತೂಗುಹಾಕಬೇಕು. ಯಾರು ಬೇಕಾದರೂ ತಿದ್ದಬಹುದು. ಬರೆದದ್ದನ್ನು ವಾರದೊಳಗೆ ಬೇರೊಬ್ಬರು ಹೊಡೆದುಹಾಕದಿದ್ದರೆ ಅದು ಅಚ್ಚಾಗಲೇಬೇಕು. ಆದರೆ ತಮ್ಮ ಅಂಗಡಿ, ವ್ಯಾಪಾರದ ಬಗ್ಗೆ ತಾವೇ ಬರೆಯುವಂತಿಲ್ಲ; ಕಚೇರಿಯವರು ಪೆನ್ಸಿಲ್ ಮುಟ್ಟುವಂತಿಲ್ಲ.

ಜನ ಮುಗಿಬಿದ್ದರು. 'ಒಮ್ಮೆ ಒಂದು ಸೈನ್ಯ ದಾರಿ ತಪ್ಪಿ ಬಂದು, ದಾರಿ ಕೇಳಿಕೊಂಡು ಹೋಯಿತು' ಎಂಬ ನನ್ನ ಚರಿತ್ರೆಯ ಕೆಳಗೆ ಅಂಚೆಯವ 'ದಾರಿ ತೋರಿಸಿದ್ದು ನಮ್ಮ ಮುತ್ತಜ್ಜ' ಎಂದು ಬರೆದ. 'ತಪ್ಪು ದಾರಿ ತೋರಿಸಿದ್ದು' ಎಂದು ಮೇಷ್ಟ್ರು ತಿದ್ದಿದರು. ಹಾಲಿನವ ಹಸುಗಳ ಸಂಖ್ಯೆಯನ್ನು ಎರಡು ಸಲ ಏರಿಸಿದ, ಎರಡು ಸಲವೂ ಅವನ ಮನೆಯಲ್ಲಿ ಕರು ಹುಟ್ಟಿತ್ತು. ಅತ್ತಿಗೆಯ ವಸತಿಗೃಹದ ಬಗ್ಗೆ ಮಾತ್ರ ಒಬ್ಬರೂ ಒಂದಕ್ಷರ ಬರೆಯಲಿಲ್ಲ. ಎಂಥ ಮರೆಗುಳಿ ಜನ ಎಂದು ದಿನಾ ಮನೆಗೆ ಬಂದು ಬೈದೆ.

ಕೊನೆಯ ದಿನ ಕರಡು ತೆಗೆಯಲು ಹೋದರೆ, ನೋಡುವ ಸ್ಥಳಗಳ ಕೆಳಗೆ ಅತ್ತಿಗೆಯ ಗುಂಡು ಅಕ್ಷರ: 'ಇದನ್ನು ಬರೆದ ಹೆಂಗಸು. ಪ್ರವಾಸೋದ್ಯಮ ಕಚೇರಿ, ಎರಡನೇ ಮಹಡಿ. ಕಾಲ್ನಡಿಗೆಯಲ್ಲಿ ಕರೆದುಕೊಂಡು ಹೋಗಿ ರಾಜ್ಯ ತೋರಿಸುತ್ತಾಳೆ. ಕೋಪ ಮೂಗಿನ ತುದಿಯಲ್ಲಿ. ಸುಳ್ಳು ಹೇಳುವುದಿಲ್ಲ.'

ನಾನು ನೇರ ಅವರ ಅಡುಗೆಮನೆಗೆ ಹೋದೆ. "ನನ್ನೇನು ಗಾಳಿಗಿರಣಿ ಅಂದ್ಕೊಂಡ್ರಾ ಅತ್ತಿಗೆ?"

"ಗಾಳಿಗಿರಣಿ ನಿಂತು ಎಷ್ಟು ವರ್ಷ ಆಯ್ತು. ನಿನ್ನ ಬಾಯಿ ನಿಂತಿಲ್ವಲ್ಲ," ಎಂದು ಆಲೂಗಡ್ಡೆ ಸಿಪ್ಪೆ ಸುಲಿಯುತ್ತಲೇ ಹೇಳಿದರು.

ಯಾರೂ ಹೊಡೆದುಹಾಕಿರಲಿಲ್ಲ. ಅಚ್ಚಾಯಿತು.

ಮೂರು ವಾರದ ನಂತರ ಗಂಡ ಹೆಂಡತಿ, ಜೊತೆಗೆ ಹೆಂಡತಿಯ ಇಬ್ಬರು ತಂಗಿಯರು ಪುಸ್ತಿಕೆ ಹಿಡಿದು ಮಹಡಿ ಹತ್ತಿ ಬಂದರು. "ಆ ಕೋಪದ ಹೆಂಗಸು ನೀವೇನಾ?" ಎಂದು ಗಂಡ ಕೇಳಿದ. ಅಲ್ಲ ಎಂದು ಬಾಗಿಲು ಹಾಕಬಹುದಿತ್ತು. ಆದರೆ ಸುಳ್ಳು ಹೇಳುವುದಿಲ್ಲ ಎಂದು ಸರ್ಕಾರವೇ ಅಚ್ಚು ಹಾಕಿಬಿಟ್ಟಿತ್ತು. ಸೇತುವೆಗೆ ಕರೆದುಕೊಂಡು ಹೋದೆ. ಅಲ್ಲಿ ಸಿಕ್ಕ ಅಂಚೆಯವ ಮುತ್ತಜ್ಜನ ವಿಷಯ ತೆಗೆದ. ನಾನು ಬಿಡುತ್ತೇನೆಯೇ? ಮೇಷ್ಟ್ರು ಸೇರಿಕೊಂಡರು, ಹಾಲಿನವ ಹಸು ಬಿಟ್ಟು ಬಂದ. ತಂಗಿಯರು ಸೇತುವೆಯ ಕಟ್ಟೆಯ ಮೇಲೆ ಕೂತು ಒಬ್ಬಳು ನನ್ನ ಪಕ್ಷ, ಒಬ್ಬಳು ಅಂಚೆಯವನ ಪಕ್ಷ ಹಿಡಿದರು. ನಮ್ಮ ಮಾತು ಮುಗಿಯುವಷ್ಟರಲ್ಲಿ ಹೊತ್ತು ಇಳಿದಿತ್ತು. ಕೆರೆ ಬಾಕಿ, ಗಿರಣಿ ಬಾಕಿ.

"ಉಳಿದದ್ದು ನಾಳೆ ನೋಡೋಣ," ಎಂದಳು ಹೆಂಡತಿ. "ಇಲ್ಲಿ ಉಳ್ಕೊಳ್ಳೋಕೆ ಎಲ್ಲಾದ್ರೂ ಜಾಗ ಇದ್ಯಾ?"

ಆಗಷ್ಟೇ ನನಗೆ ಅತ್ತಿಗೆಯ ಲೆಕ್ಕಾಚಾರ ಹೊಳೆದದ್ದು. ನಾಲ್ವರನ್ನೂ ನೇರ ಅವರ ವಸತಿಗೃಹಕ್ಕೆ ಕರೆದುಕೊಂಡು ಹೊರಟೆ.

ಅತ್ತಿಗೆ ದೀಪ ಹಚ್ಚಿ ಬಾಗಿಲಲ್ಲೇ ನಿಂತಿದ್ದರು. "ಅರ್ಧ ದಿನದಲ್ಲೇ ತೋರಿಸಿ ಮುಗಿಸಿಬಿಡ್ತೀಯೇನೋ ಅಂತ ಭಯ ಆಗಿತ್ತು ಕಣೇ," ಎಂದು ನನ್ನ ಕಿವಿಯಲ್ಲಿ ಹೇಳಿದರು.

ಬಂದವರು ಐದು ದಿನ ಉಳಿದರು. ಹೋಗುವ ಮುನ್ನವೇ ಮತ್ತೆ ಮೂವರು ಬಂದರು. ಮುಂದಿನ ಸೋಮವಾರ ಅತ್ತಿಗೆ ಅಣ್ಣನಿಗೆ ಫೋನ್ ಮಾಡಿದ್ದು ನನಗೆ ಹಿತ್ತಲಿನವರೆಗೂ ಕೇಳಿಸಿತು.

"ನಾನು ಬರಲ್ಲ ರೀ, ನೀವೇ ಬನ್ನಿ. ನಾಲ್ಕೂ ರೂಮಿನ ಹಾಸಿಗೆ ಬಟ್ಟೆ ಕೊಳೆಯಾಗಿದೆ. ಹಿಂಡೋಕೆ ಇನ್ನೊಂದು ಜೊತೆ ಕೈ ಬೇಕು."